ಹಳೇ ಮೌಂಟೇನ್ ಬೈಕ್ ತಗೊಳ್ಳಬಹುದಾ?

ಶಿರಸಿಯಲ್ಲಿ ಸೈಕಲ್ ಹುಚ್ಚಿನವನು ಅಂತ ಹೆಸರು ಬಿದ್ದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ. 'ಕೈಯಲ್ಲಿ ಹದಿನೈದು ಇಪ್ಪತ್ತು ಸಾವಿರ ಇದೆ. ಹೊಸ ಎಂಟಿಬಿ, ಅಂದರೆ ಮೌಂಟೇನ್ ಬೈಕ್ ತಗೊಳ್ಳಲೋ, ಯಾರದ್ದಾದರೂ ಹಳೇದು ನೋಡಲೋ?' ಕಾರವಾರ, ಕುಮಟಾದಿಂದ ಫೋನ್ ಮಾಡುವವರದ್ದೂ ಇದೇ ಪ್ರಶ್ನೆ.

ಹಳೇದೇ ತಗೊಳ್ಳಿ. ಆದರೆ ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳಿ ಉಪಯೋಗವಿಲ್ಲ. ಹೋದ ಮಳೆಗಾಲದಲ್ಲಿ ಎಲ್ಲಿ ನಿಲ್ಲಿಸಿದ್ದಿರಿ ಅಂತ ಕೇಳಿ.

ಹಳೇದು ಯಾಕೆ ಅಂದರೆ, ಆ ದುಡ್ಡಿಗೆ ಬರುವ ಹೊಸ ಸೈಕಲ್ಲಿನಲ್ಲಿ ಮೌಂಟೇನ್ ಅನ್ನುವುದು ಬಹಳ ಸಲ ಸ್ಟಿಕ್ಕರಿನಲ್ಲಿ ಮಾತ್ರ ಇರುತ್ತದೆ. ಮುಂದಿನ ಚಕ್ರ ಹಿಡಿದು ಕುಲುಕಾಟ ತಡೆಯುವ ಫೋರ್ಕ್ ಎರಡೂವರೆ ಕಿಲೋ ಆಸುಪಾಸಿನ ಸ್ಪ್ರಿಂಗಿನದು. ಹಿಂದೆ ಹಬ್ಬಿಗೆ, ಅಂದರೆ ಚಕ್ರದ ನಡುವಿನ ಗುಂಬಕ್ಕೆ, ತಿರುಪಿ ಕೂರಿಸುವ ಫ್ರೀವೀಲ್ ಅನ್ನುವ ಹಲ್ಲುಚಕ್ರಗಳ ಗೊಂಚಲು. ಈ ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಒಳಕ್ಕೆ ಸರಿದಿರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲಿಗೆ ಆಧಾರ ಇಲ್ಲ. ಸೊಪ್ಪಿನಬೆಟ್ಟದ ಕಾಲುದಾರಿಯಲ್ಲಿ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು ಇಳಿಸುತ್ತ ಹೋದರೆ ಆ ಆಕ್ಸಲ್ ಬಗ್ಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಹಲ್ಲುಚಕ್ರಗಳನ್ನು ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಅಂಚಿನವರೆಗೂ ಬಂದಿರುವುದರಿಂದ ಈ ತಾಪತ್ರಯ ಕಡಿಮೆ. ಹೊಸದಾಗಿದ್ದಾಗ ಮೂವತ್ತು ನಲವತ್ತು ಸಾವಿರ ಇದ್ದ ಸೈಕಲ್ಲು ಅರ್ಧಕ್ಕೆ ಸಿಕ್ಕಿದರೆ ಬಹಳ ಸಲ ಆ ಹಬ್ಬು ಸಿಗುತ್ತದೆ, ಡಿಸ್ಕ್ ಬ್ರೇಕ್ ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್ ಆಗಿರುತ್ತದೆ, ಫ್ರೇಮೂ ಹಗುರ.

ಈಗ ಎಲ್ಲಿ ನಿಂತಿತ್ತು ಅನ್ನುವ ಮಾತು. ನಮ್ಮ ಜಿಲ್ಲೆಯಲ್ಲಿ ಸೈಕಲ್ ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ಕರಾವಳಿಯಲ್ಲಿ ಉಪ್ಪುಗಾಳಿ, ಘಟ್ಟದ ಮೇಲೆ ನಾಲ್ಕು ತಿಂಗಳ ಥಂಡಿ. ಕಾರವಾರದಲ್ಲಿ ಸಮುದ್ರದ ಕಡೆ ಮುಖ ಮಾಡಿದ ಬಾಲ್ಕನಿಯಲ್ಲಿ ನಿಂತ ಸೈಕಲ್ಲಿನ ಸ್ಪೋಕ್ ನಿಪ್ಪಲ್, ಅಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು, ನೋಡಿ. ಅಲ್ಯೂಮಿನಿಯಂ ಆಗಿದ್ದರೆ ಬಿಳಿ ಪುಡಿ ಕಟ್ಟಿರುತ್ತದೆ. ಚಕ್ರ ಸರಿಮಾಡಲು ಹೋದರೆ ತಿರುಗುವುದಿಲ್ಲ, ಮುರಿದು ಕೈಗೆ ಬರುತ್ತದೆ. ಬೋಲ್ಟಿನ ತಲೆಯ ಕೆಂಪು ತುಕ್ಕಿಗೆ ಹೆದರಬೇಡಿ, ಅದು ಬದಲಾಗುವ ಸಾಮಾನು. ಬಿಳಿ ಪುಡಿಗೆ ಹೆದರಿ.

ಆಮೇಲೆ ಸೀಟ್ ಪೋಸ್ಟ್ ತೆಗೆಯಲು ಹೇಳಿ. 'ಯಾಕೆ, ಎತ್ತರ ಸರಿ ಇದೆಯಲ್ಲ' ಅಂತಾರೆ. ಆದರೂ ತೆಗೆಸಿ. ಗ್ರೀಸ್ ಇಲ್ಲದೆ ಎರಡು ಮಳೆಗಾಲ ಕಂಡ ಪೋಸ್ಟ್ ಫ್ರೇಮಿನೊಳಗೆ ಬೆಸುಗೆ ಹಾಕಿದ ಹಾಗೆ ಕೂತಿರುತ್ತದೆ. ಬಂದರೆ ಒಳ್ಳೆಯದು, ಸೈಕಲ್ಲನ್ನು ತಲೆಕೆಳಗು ಮಾಡಿ. ಪೋಸ್ಟಿನ ಸಂದಿಯಿಂದ ಇಳಿದ ಮಳೆನೀರು ಪೆಡಲ್ ಸೇರುವ ಬಾಟಮ್ ಬ್ರಾಕೆಟ್‌ನಲ್ಲಿ ನಿಲ್ಲುತ್ತದೆ. ಕಂದು ಬಣ್ಣದ ನೀರು ಸುರಿದರೆ ಬಾಟಮ್ ಬ್ರಾಕೆಟ್ ಬದಲಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ.

ಶಿರಸಿ, ಸಿದ್ದಾಪುರದ ಕಡೆ ಇನ್ನೊಂದು ಇದೆ. ಇದನ್ನು ಬೆಂಗಳೂರಿನ ಸೈಕಲ್ ತಜ್ಞರು ಯಾರೂ ಹೇಳುವುದಿಲ್ಲ. ತೋಟದ ಮನೆಗಳಲ್ಲಿ ಸೈಕಲ್ ನಿಲ್ಲುವುದು ಗೊಬ್ಬರದ ಚೀಲ, ಮೈಲುತುತ್ತದ ಡಬ್ಬಿ ಇಡುವ ಕೋಣೆಯಲ್ಲೇ ಅಲ್ವಾ? ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವ ಮೈಲುತುತ್ತ ಕಬ್ಬಿಣವನ್ನೂ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ರಿಮ್ಮಿನ ಮೇಲೆ ನೀಲಿ ಹಸಿರು ಕಲೆ ಕಂಡರೆ ಚಾ ಕುಡಿದು ಬನ್ನಿ, ಸೈಕಲ್ ತರಬೇಡಿ.

ಚೈನ್ ಅಳೆಯಲು ಒಂದು ಸ್ಟೀಲ್ ಸ್ಕೇಲ್ ಸಾಕು. ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು ಆಗಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಬಂದರೆ ಚೈನ್ ಬದಲಿಸಬೇಕು. ಎಂಟನೇ ಒಂದು ಭಾಗ ಹೆಚ್ಚು ಬಂತೋ, ಅದು ಹಿಂದಿನ ಹಲ್ಲುಚಕ್ರಗಳನ್ನೂ ತಿಂದಿರುತ್ತದೆ. ಚೈನ್, ಕ್ಯಾಸೆಟ್ ಎರಡರ ಬೆಲೆಯನ್ನೂ ಅಲ್ಲೇ ಫೋನಿನಲ್ಲಿ ತೋರಿಸಿ ಚೌಕಾಶಿ ಮಾಡಿ. ಇದರಲ್ಲಿ ಸಂಕೋಚ ಬೇಡ.

ಫೋರ್ಕಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿ ಮಾತಾಡುತ್ತೇನೆ. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಹಳೆಯ ಏರ್ ಫೋರ್ಕ್ ಮಾತ್ರ ಬಿಡಿಯಾಗಿ ಮಾರಾಟಕ್ಕಿದ್ದರೆ ಕೊಳ್ಳಬೇಡಿ. ರಾಕ್‌ಶಾಕ್ಸ್ ಕಂಪನಿ ತನ್ನ ಬಹಳಷ್ಟು ಫೋರ್ಕುಗಳಿಗೆ 50 ಗಂಟೆ ಓಡಿಸಿದ ಮೇಲೆ ಕೆಳಗಿನ ಭಾಗ ಬಿಚ್ಚಿ ಎಣ್ಣೆ ಬದಲಿಸಿ ಎನ್ನುತ್ತದೆ. ನಮ್ಮ ಕಡೆ ಅದನ್ನು ಮಾಡಿಸಿದವರು ಎಷ್ಟು ಜನ? ಮಾಡಿಸಬೇಕೆಂದರೂ ಬಿಚ್ಚಿ ಪಾರ್ಸೆಲ್ ಮಾಡಿ ದೊಡ್ಡ ಊರಿಗೆ ಕಳಿಸಬೇಕು. ಸೈಕಲ್ಲಿನ ಜೊತೆಗೇ ಫೋರ್ಕ್ ಬಂದಿದ್ದರೆ ಮುಂದಿನ ಬ್ರೇಕ್ ಹಿಡಿದು ಮೈಭಾರ ಹಾಕಿ ಒತ್ತಿ ನೋಡಿ. ಒತ್ತಿದಾಗ ಕೆಳಗೆ ಹೋಗಿ ಮೇಲೆ ಬರಲು ತಡವರಿಸಬಾರದು. ನುಣ್ಣಗಿನ ಮೇಲಿನ ಕೊಳವೆಗಳ ಮೇಲೆ ಉಗುರು ಆಡಿಸಿ. ಉಗುರಿಗೆ ಸಿಗುವ ಗೀರು ಇದ್ದರೆ ಅಲ್ಲಿಂದ ನೀರು, ಕೆಸರು ಒಳಗೆ ಹೋಗಿದೆ ಅಂತಲೇ ಅರ್ಥ.

ಬ್ರೇಕಿನಲ್ಲಿ ನೋಡುವುದು ಸುಲಭ. ಶಿಮಾನೋ ಡಿಸ್ಕಿನ ಮೇಲೆ ಕನಿಷ್ಠ ದಪ್ಪ 1.5 ಮಿ.ಮೀ. ಅಂತ ಕೆತ್ತಿರುತ್ತದೆ, ಹೊಸದು 1.8 ಇರುತ್ತದೆ. ಲಿವರ್ ಮೆತ್ತಗೆ ಹ್ಯಾಂಡಲ್ಲಿನವರೆಗೆ ಬಂದರೆ ಒಳಗೆ ಗಾಳಿ ಸೇರಿದೆ. ಅದು ದೊಡ್ಡ ರೋಗವಲ್ಲ. ಆದರೆ ಯಾವ ಎಣ್ಣೆ ಹಾಕಿದ್ದಾರೆ ಅಂತ ಕೇಳಲೇಬೇಕು. ಶಿಮಾನೋಗೆ ಮಿನರಲ್ ಆಯಿಲ್. ಸ್ರಾಮ್ ಕಂಪನಿಯ ಹಳೆಯ ಬ್ರೇಕುಗಳಿಗೆ ಮೋಟರ್‌ಬೈಕಿಗೆ ಹಾಕುವಂಥ ಡಾಟ್ ಫ್ಲೂಯಿಡ್. ಮೋಟರ್‌ಬೈಕ್ ಗ್ಯಾರೇಜಿನಲ್ಲಿ ಪ್ರೀತಿಯಿಂದ ಶಿಮಾನೋ ಬ್ರೇಕಿಗೆ ಡಾಟ್ ತುಂಬಿಕೊಟ್ಟಿದ್ದರೆ ರಬ್ಬರ್ ಸೀಲ್ ಉಬ್ಬಿ ಹಾಳಾಗಿರುತ್ತದೆ.

ಚಕ್ರ 26 ಇಂಚಿನದೋ, 27.5ರದೋ, 29ರದೋ ಅಂತ ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಹೊರದೇಶದಲ್ಲಿ 26 ಯಾವತ್ತೋ ಮೂಲೆ ಸೇರಿದೆ. ಆ ಅಳತೆಯ ಒಳ್ಳೆಯ ಫೋರ್ಕ್, ಹಗುರ ಟೈರ್ ಈಗ ಸಿಗುವುದೂ ಕಷ್ಟ. ಆದರೆ ಶಿರಸಿ ಪೇಟೆಯಲ್ಲಿ ಭಾನುವಾರ ಬೆಳಿಗ್ಗೆ ಟ್ಯೂಬ್ ಸಿಗುವುದು 26ಕ್ಕೇ, ಶಾಲೆ ಮಕ್ಕಳ ಸೈಕಲ್ಲುಗಳ ದಯೆಯಿಂದ. ಸುಮ್ನೆ ಯಾಣದ ಕಡೆ ಹೋಗಿಬರುವ ಆಸೆ ಇದ್ದವರಿಗೆ ಒಳ್ಳೆಯ 26 ಅಗ್ಗಕ್ಕೆ ಸಿಕ್ಕರೆ ನಾನು ಬೇಡ ಅನ್ನುವುದಿಲ್ಲ.

ಫ್ರೇಮಿನಲ್ಲಿ ಹ್ಯಾಂಡಲ್ ಕೆಳಗೆ ಎರಡು ಪೈಪು ಸೇರುವ ಬೆಸುಗೆ ನೋಡಿ, ಬಾಟಮ್ ಬ್ರಾಕೆಟ್ ಸುತ್ತ ನೋಡಿ. ಬಣ್ಣ ಸುಕ್ಕುಗಟ್ಟಿದ್ದರೆ ಎಲ್ಲೋ ಗುದ್ದಿದೆ. ಕೂದಲೆಳೆಯಷ್ಟು ಗೆರೆ ಕಂಡರೂ ಬಿಟ್ಟುಬಿಡಿ. ಕಾರ್ಬನ್ ಫ್ರೇಮ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ.

ಹೆಲ್ಮೆಟ್ ಮಾತ್ರ ಹೊಸದೇ. ಒಳಗಿರುವ ಥರ್ಮಾಕೋಲ್‌ನಂಥ ಫೋಮ್ ಒಂದೇ ಪೆಟ್ಟಿಗೆ ಅಂತ ಮಾಡಿದ್ದು. ಅದು ಒಮ್ಮೆ ಜಜ್ಜಿ ಹೋಗಿದ್ದರೂ ಮೇಲಿನ ಚಿಪ್ಪು ಹೊಳೆಯುತ್ತಲೇ ಇರಬಹುದು. 'ಬಿದ್ದೇ ಇಲ್ಲ' ಅನ್ನುವ ಮಾತಿನ ಮೇಲೆ ತಲೆ ಇಡಲಾಗುತ್ತದೆಯೇ? ಮೊಣಕಾಲಿನ ಪ್ಯಾಡ್ ಹಳೇದು ತಗೊಳ್ಳಬಹುದು, ಬೂಷ್ಟು ತೊಳೆದರಾಯಿತು. ಶೂ ಬೇಡ. ಕಪಾಟಿನಲ್ಲಿ ಎರಡು ಮಳೆಗಾಲ ಕಳೆದ ಶೂಗಳ ಸೋಲ್ ನಮ್ಮ ಥಂಡಿಗೆ ಪುಡಿಪುಡಿಯಾಗಿ ಉದುರುವುದನ್ನು ನೀವೂ ನೋಡಿರುತ್ತೀರಿ.

ಎಲ್ಲಿ ಹುಡುಕುವುದು? ಓಎಲ್ಎಕ್ಸ್, ಫೇಸ್‌ಬುಕ್ ಇದ್ದೇ ಇವೆ. ಅದಕ್ಕಿಂತ ನನಗೆ ಇಷ್ಟ ವರ್ಗಾವಣೆ ಆಗಿ ಹೋಗುವವರ ಸಾಮಾನು. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ, ಮಲ್ಲಾಪುರದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದವರ ಟೌನ್‌ಶಿಪ್ ಇದೆ. ಬೇರೆ ಊರಿಗೆ ಹೊರಟವರಿಗೆ ಬೆಲೆಗಿಂತ ಬೇಗ ಹೋಗುವುದು ಮುಖ್ಯ. ಇವೆರಡರಲ್ಲಿ ನಾನು ಮಲ್ಲಾಪುರಕ್ಕೆ ಮೊದಲು ಹೋಗುತ್ತೇನೆ. ಅದು ಒಳನಾಡು, ಉಪ್ಪುಗಾಳಿ ಕಡಿಮೆ.

ಬಿಲ್ ಕೇಳಿ. ಇಲ್ಲದಿದ್ದರೆ ಬಾಟಮ್ ಬ್ರಾಕೆಟ್ ಕೆಳಗೆ ಕೊರೆದಿರುವ ಫ್ರೇಮ್ ನಂಬರಿನ ಫೋಟೋ ತೆಗೆದುಕೊಂಡು, ಅದನ್ನೇ ಬರೆದು ಒಂದು ಚೀಟಿಗೆ ಮಾರುವವರ ಸಹಿ ಹಾಕಿಸಿಕೊಳ್ಳಿ. ನಂಬರ್ ಉಜ್ಜಿ ಅಳಿಸಿದ್ದರೆ ಮಾತೇ ಬೇಡ, ಅದು ಯಾರ ಮನೆಯಿಂದ ಬಂದದ್ದೋ.

ಮನೆಗೆ ತಂದ ಮೇಲೆ ಎರಡು ಮೂರು ಸಾವಿರ ಖರ್ಚು ಇದ್ದದ್ದೇ. ಗೇರ್ ಕೇಬಲ್, ಬ್ರೇಕ್ ಪ್ಯಾಡ್, ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಟೈರ್. ಸೀಟ್ ಪೋಸ್ಟಿಗೆ ಗ್ರೀಸ್ ಹಚ್ಚಲು ಮರೆಯಬೇಡಿ. ದೇವಿಮನೆ ಘಾಟಿ ಇಳಿಯುವ ಯೋಚನೆ ಇದೆಲ್ಲ ಆದ ಮೇಲೆ. ಅದಕ್ಕೂ ಮೊದಲು ಒಂದು ವಾರ ಊರೊಳಗೇ ಓಡಿಸಿ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿಕೊಳ್ಳಿ.