ಸೈಲೆನ್ಸರ್ ಇಲ್ಲದೆ ಮಾಡೆಲ್ ಎ ಎಂಜಿನ್ ಓಡಿಸುವಾಗ

ಸೈಲೆನ್ಸರ್ ಬಿಚ್ಚಿ ಎಂಜಿನ್ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ (ಸಿಲಿಂಡರಿನ ಹೊಗೆ ಹೊರಬಿಡುವ ಕವಾಟ) ಸುಟ್ಟುಹೋಗುತ್ತದೆ ಅನ್ನುವ ಮಾತು ಹಳೆ ಕಾರಿನ ಕೆಲಸದಲ್ಲಿ ಪದೇಪದೇ ಕಿವಿಗೆ ಬೀಳುತ್ತದೆ. ವಾಲ್ವ್ ಸುಡುವುದು ನಿಜ, ಕಾರಣ ಮಾತ್ರ ಬೇರೆ. 1928ರಿಂದ 31ರವರೆಗಿನ ಫೋರ್ಡ್ ಮಾಡೆಲ್ ಎ ಎಂಜಿನ್ ಸ್ಟ್ಯಾಂಡ್ ಮೇಲೆ ನೇರ ಪೈಪಿನಲ್ಲಿ, ಅಂದರೆ ಸೈಲೆನ್ಸರ್ ಇಲ್ಲದ ಬರೀ ಪೈಪಿನಲ್ಲಿ, ಓಡುವಾಗ ಅದು ಚೆನ್ನಾಗಿ ಗೊತ್ತಾಗುತ್ತದೆ.

ಮೊದಲ ಕಾರಣ ಸ್ಟೀರಿಂಗ್‌ನ ಎಡಗಡೆಯ ಕಿಡಿ ಲಿವರ್. ಸ್ಟಾರ್ಟ್ ಮಾಡುವಾಗ ಅದು ಪೂರ್ತಿ ಮೇಲಿರಬೇಕು, ಎಂಜಿನ್ ಹತ್ತಿಕೊಂಡ ಕೂಡಲೇ ಕೆಳಗೆ ಎಳೆಯಬೇಕು. ಮರೆತರೆ ಕಿಡಿ ತಡವಾಗಿ, ಉರಿ ಸಿಲಿಂಡರ್‌ನಲ್ಲಿ ಮುಗಿಯುವ ಮೊದಲೇ ವಾಲ್ವ್ ತೆರೆದುಕೊಳ್ಳುತ್ತದೆ. ಕಂಪ್ರೆಷನ್ ಅನುಪಾತ ಬರೀ 4.22:1 ಇರುವ ಎಂಜಿನ್ನಿನ ಹೊಗೆ ಮೊದಲೇ ಬಿಸಿ. ಇದೂ ಸೇರಿದರೆ ಸ್ವಲ್ಪ ಹೊತ್ತಿನಲ್ಲೇ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಭಾಗ) ಕೆಂಪಾಗುತ್ತದೆ. ಎರಡನೆಯದು ಬಿಗಿ ಟ್ಯಾಪೆಟ್. ವಾಲ್ವನ್ನು ಎತ್ತುವ ತುಂಡೇ ಟ್ಯಾಪೆಟ್; ಅದಕ್ಕೂ ವಾಲ್ವಿಗೂ ನಡುವೆ ಸಂದು ಸಾಲದಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ಎಕ್ಸಾಸ್ಟ್ ಕಡೆ 0.015 ಇಂಚಿಗಿಂತ ಕಡಿಮೆ ಸಂದು ಬಿಡುವುದೇ ಬೇಡ. ಮೂಲ ಟ್ಯಾಪೆಟ್‌ಗೆ ಅಡ್ಜಸ್ಟ್‌ಮೆಂಟ್ ಇಲ್ಲ, ವಾಲ್ವಿನ ಬುಡ ಗ್ರೈಂಡ್ ಮಾಡಿಯೇ ಸಂದು ಕೊಡಬೇಕು.

ಮೂರನೆಯದು ಪೆಟ್ರೋಲ್ ಕಡಿಮೆಯಾಗುವುದು. ಡ್ಯಾಶ್ ಕೆಳಗಿನ ಮಿಕ್ಸ್ಚರ್ ಗುಂಡಿ ಸ್ಟಾರ್ಟ್‌ಗೆ ಒಂದು ಸುತ್ತು, ಬಿಸಿಯಾದ ಮೇಲೆ ಕಾಲು ಸುತ್ತು ತೆರೆದಿರಲಿ. ಓಡುವಾಗ ಪಟಪಟ ಸದ್ದು ಬಂದರೆ ಗುಂಡಿ ಸ್ವಲ್ಪ ತೆರೆದು ನೋಡಿ. ಸದ್ದು ನಿಂತರೆ ಪೆಟ್ರೋಲ್ ಸಾಲುತ್ತಿರಲಿಲ್ಲ ಎಂದರ್ಥ. ಥ್ರಾಟಲ್ ಬಿಟ್ಟಾಗ ಮಾತ್ರ ಢಂ ಅಂದರೆ ಕಾರ್ಬುರೇಟರ್ ಮುಟ್ಟಬೇಡಿ. ಎಕ್ಸಾಸ್ಟ್ ಜೋಡಣೆಯ ಸಂದಿಯಿಂದ ಒಳಗೆಳೆದ ಗಾಳಿ ಪೈಪಿನೊಳಗೆ ಉರಿಯದ ಪೆಟ್ರೋಲನ್ನು ಹೊತ್ತಿಸುತ್ತಿರುತ್ತದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಕಪ್ಪು ಮಸಿಯ ಗೆರೆ ಹುಡುಕಿ. ಈ ಮ್ಯಾನಿಫೋಲ್ಡ್‌ನ ಹಿಂದಿನ ತುದಿ ಜಗ್ಗುವುದು ಸಾಮಾನ್ಯ, ಹಾಗಾಗಿ ಕೂರಿಸುವ ಮೊದಲು ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ನೋಡಿ, ವಾರೆಯಿದ್ದರೆ ಮಟ್ಟ ಮಾಡಿಸಿ. ನೇರ ಪೈಪಿನ ಭಾರವನ್ನೂ ಅದರ ಮೇಲೆ ಹೇರಬೇಡಿ, ಪೈಪಿಗೆ ಬೇರೆ ಆಧಾರ ಕೊಡಿ. ಮೊದಲ ಸಲ ಬಿಸಿಯಾಗಿ ತಣಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿಮಾಡಿ.

ನಮಗೆ ಎಲ್ಲಕ್ಕಿಂತ ಹೆಚ್ಚು ಭಯ ಬೆಂಕಿಯದು. ಮಾಡೆಲ್ ಎಯಲ್ಲಿ ಕಾರ್ಬುರೇಟರ್, ಎಕ್ಸಾಸ್ಟ್ ಎರಡೂ ಒಂದೇ ಬದಿಗಿವೆ; ಕಾರ್ಬುರೇಟರ್ ಕೆಳಗಿರುವುದರಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಮ್ಯಾನಿಫೋಲ್ಡ್ ಬಾಯಿಯನ್ನು ಬರಿದಾಗಿ ಬಿಟ್ಟು ಒಂದು ನಿಮಿಷವೂ ಓಡಿಸಬಾರದು. ಕನಿಷ್ಠ ಒಂದು ಮೀಟರ್ ಪೈಪ್ ಹಾಕಿ, ತುದಿಯನ್ನು ಕಾರ್ಬುರೇಟರ್‌ನಿಂದ ದೂರಕ್ಕೆ ತಿರುಗಿಸಿ. ಶೆಡ್‌ನೊಳಗೆ ಬೇಡ, ಬಯಲಿನಲ್ಲಿ ಓಡಿಸಿ: ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಯಾವ ಸಿಲಿಂಡರ್ ಸತ್ತಿದೆ, ಅಂದರೆ ಉರಿಯುತ್ತಿಲ್ಲ, ಎಂದು ತಿಳಿಯಲು ನೇರ ಪೈಪಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಮರದ ಹಿಡಿಯ ಸ್ಕ್ರೂಡ್ರೈವರನ್ನು ಪ್ಲಗ್ ತಲೆಯಿಂದ ಹೆಡ್‌ಗೆ ತಾಗಿಸಿ ಒಂದೊಂದೇ ಸಿಲಿಂಡರ್ ನಿಲ್ಲಿಸಿ. ಯಾವುದನ್ನು ನಿಲ್ಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತದ್ದು. ಎರಡು ಮೂರು ಸೆಕೆಂಡ್ ಸಾಕು, ಹೆಚ್ಚಾದರೆ ಹಸಿ ಪೆಟ್ರೋಲ್ ಪೈಪಿಗೆ ಹೋಗುತ್ತದೆ. ಬೇರಿಂಗ್ ಬಡಿತ ಮಾತ್ರ ಈ ಅಬ್ಬರದಲ್ಲಿ ಕೇಳಿಸದು, ಅದಕ್ಕೆ ಸೈಲೆನ್ಸರ್ ಹಾಕಿಯೇ ಕಿವಿಗೊಡಬೇಕು. ಪೈಪಿನ ಪಕ್ಕ ನಿಲ್ಲುವವರೆಲ್ಲ ಕಿವಿಗೆ ಇಯರ್‌ಮಫ್ ಹಾಕಲೇಬೇಕು.

ರಸ್ತೆಗೆ ಇಳಿಸುವ ಮಾತಿದ್ದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಸೈಲೆನ್ಸರ್ ಇರಲೇಬೇಕು. ಓಡಿಸಿ ಮುಗಿದ ಮೇಲೆ ಒಂದೆರಡು ನಿಮಿಷ ನಿಧಾನವಾಗಿ ತಿರುಗಲು ಬಿಟ್ಟು, ಮೊದಲು ಪೆಟ್ರೋಲ್ ಟ್ಯಾಪ್, ಆಮೇಲೆ ಸ್ವಿಚ್ ಆಫ್ ಮಾಡಿ.