ಅಂಗಳ ಇಲ್ಲದವರ ಕುಚ್ಚಲಕ್ಕಿ: ಈವರೆಗಿನ ಲೆಕ್ಕ

ಅಕ್ಟೋಬರ್ 19, 2025

ಉಡುಪಿ ಜಿಲ್ಲೆಯ ಶಿರ್ವ ಬದಿಯ ನಮ್ಮ ಬೈಲಿಗೆ ಇವತ್ತು ಕಟಾವು ಮಿಷನ್ ಬಂತು. ನನ್ನ ಒಂದೂವರೆ ಎಕರೆ ಮಧ್ಯಾಹ್ನದೊಳಗೆ ಮುಗಿಯಿತು. ಗದ್ದೆ ಬದಿಯಲ್ಲೇ ಲಾರಿ ಕಾಯುತ್ತಿರುತ್ತದೆ, ಹಸಿ ಭತ್ತ ನೇರ ಅದಕ್ಕೆ. ರೇಟು ಲಾರಿಯವರು ಹೇಳಿದ್ದೇ. ಈ ಸಲ ಕ್ವಿಂಟಲಿಗೆ 2,050. ಸರ್ಕಾರದ ಬೆಂಬಲ ಬೆಲೆ 2025-26ಕ್ಕೆ 2,369 ಇದೆ, ಆದರೆ ತೇವ ಶೇ. 17 ದಾಟಬಾರದು. ನಮ್ಮದು ಅಳೆದರೆ 22!

ಹಾಗಾಗಿ ನಾವು ಐದು ಮನೆಯವರು ಸೇರಿ ಎಂಟು ಕ್ವಿಂಟಲ್ ಎಂಓ-4 (ಕೆಂಪಕ್ಕಿ ತಳಿ) ಭತ್ತವನ್ನು ಲಾರಿಗೆ ಹಾಕದೆ ಇಟ್ಟುಕೊಂಡೆವು. ನಾವೇ ಕುಚ್ಚಿ (ಅಂದರೆ ಭತ್ತವನ್ನೇ ಬೇಯಿಸಿ), ಒಣಗಿಸಿ, ಅಕ್ಕಿ ಮಾಡಿಸಿ, ಮಂಗಳೂರು-ಉಡುಪಿಯ ಮನೆಗಳಿಗೆ ಮಾರಿ ನೋಡುವ ಅಂತ.

ದೀಪಾವಳಿ ವಾರ

ಮೊದಲ ದಿನವೇ ಗೊತ್ತಾಯಿತು, ಐದು ಮನೆಯಲ್ಲಿ ಒಂದಕ್ಕೂ ಭತ್ತ ಹರಡುವಂಥ ಅಂಗಳ ಇಲ್ಲ. ಅಜ್ಜಿ ಇದ್ದಾಗ ಕೊಯ್ಲಿಗೆ ಮುಂಚೆ ಅಂಗಳ ಕೆತ್ತಿ, ಬಡಿದು, ಸೆಗಣಿ ಸಾರಿಸುತ್ತಿದ್ದರು. ಈಗ ಅರ್ಧಕ್ಕೆ ಹೂವಿನ ಚಟ್ಟಿ, ಇನ್ನರ್ಧಕ್ಕೆ ಕಾರು. ಸರಿ, ರಸ್ತೆ ಬದಿಗೆ ಟರ್ಪಾಲು ಹಾಕಿದೆವು. ಬಲಿಯೇಂದ್ರನಿಗೆ ಗದ್ದೆಯಲ್ಲಿ ದೀಪ ಇಟ್ಟು ಬರುವಷ್ಟರಲ್ಲಿ ಗುಡುಗು. ಓಡಿ ಹೋಗಿ ಮಡಚಿದೆವು, ಆದರೆ ಒಂದು ಮೂಲೆಯಲ್ಲಿ ನೀರು ನಿಂತಿದ್ದು ಯಾರಿಗೂ ಕಾಣಲಿಲ್ಲ. ಎರಡು ದಿನ ಕಳೆದು ಕೈ ಹಾಕಿದರೆ ಒಳಗೆ ಬಿಸಿ, ಮುಗ್ಗಲು ವಾಸನೆ. ಒಂದೂವರೆ ಕ್ವಿಂಟಲ್ ದನಕ್ಕೆ ಹೋಯಿತು. ತಪ್ಪು ನನ್ನದೇ, ಮಡಚಿದವನು ನಾನು.

ನವೆಂಬರ್ 2

ಕುಚ್ಚುವ ಕೆಲಸಕ್ಕೆ ಪಕ್ಕದ ಮನೆ ದೊಡ್ಡಮ್ಮನೇ ಮೇಸ್ತ್ರಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಹಂಡೆಯಲ್ಲಿ ಬೇಯಿಸುವುದು. ಎಷ್ಟು ಹೊತ್ತು ಅಂತ ನಾನು ಮೊಬೈಲ್ ಹಿಡಿದು ನಿಂತಿದ್ದೆ. ಅವರು ನಾಲ್ಕು ಕಾಳು ತೆಗೆದು ತೋರಿಸಿದರು. "ಭತ್ತ ಬಾಯಿ ಬಿಡಬೇಕು ಮಾರಾಯ, ಹಲ್ಲು ಕಿಸಿಯಬಾರದು." ಹೊಟ್ಟು ಸಣ್ಣಗೆ ಸೀಳಿದಾಗ ಇಳಿಸಬೇಕು, ಅಕ್ಕಿ ಹೊರಗೆ ಬಂದರೆ ಕೆಟ್ಟಿತು ಅಂತ ಅರ್ಥ. ಆಮೇಲೆ ಸ್ವಲ್ಪ ಬಿಸಿಲು, ಸ್ವಲ್ಪ ನೆರಳು. ಒಂದೇ ಸಮನೆ ಬಿಸಿಲಿಗೆ ಬಿಟ್ಟರೆ ಕಾಳು ಒಳಗೇ ಬಿರಿದು ಮಿಲ್ಲಿನಲ್ಲಿ ನುಚ್ಚಾಗುತ್ತದೆ.

ನವೆಂಬರ್ 9

ಮಿಲ್ಲಿನಿಂದ ಅಕ್ಕಿ ಬಂತು, 383 ಕೆಜಿ. ನಾನು ಕಾಗದದಲ್ಲಿ ಬರೆದಿಟ್ಟದ್ದು 422. ಆರೂವರೆ ಕ್ವಿಂಟಲಿಗೆ ಶೇ. 65 ಅಂತ ಸುಮ್ನೆ ಗುಣಿಸಿದ್ದೆ. ಆದರೆ ಶೇ. 22 ತೇವದ 650 ಕೆಜಿ ಭತ್ತ ಒಣಗಿ ಶೇ. 14ಕ್ಕೆ ಇಳಿಯುವಾಗ 590 ಆಗುತ್ತದೆ, ಅಕ್ಕಿಯ ಲೆಕ್ಕ ಅಲ್ಲಿಂದ ಶುರು. ಆವಿಯಾಗಿ ಹೋದ ನೀರಿಗೂ ನಾನು ಅಕ್ಕಿ ರೇಟು ಹಾಕಿದ್ದೆ ಅಲ್ವಾ!

ಆಹಾರ ಸುರಕ್ಷತೆಯ ನೋಂದಣಿ ಸುಲಭ. 2025ರಲ್ಲಿ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಫೀಸು 100 ರೂಪಾಯಿ ಇತ್ತು.

ನವೆಂಬರ್ 30

62 ರೂಪಾಯಿಯಂತೆ 240 ಕೆಜಿ ಹೋಗಿದೆ, 14,880 ಬಂತು. ಎಂಟೂ ಕ್ವಿಂಟಲ್ ಲಾರಿಗೆ ಕೊಟ್ಟಿದ್ದರೆ 16,400 ಆವತ್ತೇ ಸಿಗುತ್ತಿತ್ತು. ಮಿಲ್ಲು, ಸೌದೆ, ಚೀಲ, ರಿಕ್ಷಾ ಸೇರಿ ಖರ್ಚು 4,300. ಉಳಿದ 143 ಕೆಜಿ ಮಾರಿದರೆ ಲಾಭ ಅಂತ ಒಂದು ಕಾಣಬಹುದು. ನಮ್ಮ ಕೂಲಿ ಹಿಡಿದಿಲ್ಲ, ಹಿಡಿದರೆ ಮನೆಯಲ್ಲಿ ಜಗಳ.

ಮಂಗಳೂರಿನ ಫ್ಲ್ಯಾಟಿನವರೊಬ್ಬರು ಫೋನ್ ಮಾಡಿ ಗಂಜಿ ತಿಳಿ ಕೆಂಪಾಗಿದೆ, ಬಣ್ಣ ಹಾಕಿದ್ದೀರಾ ಅಂತ ಕೇಳಿದರು. ಪಾಲಿಶ್ ಕಮ್ಮಿ ಇದ್ದರೆ ಹಾಗೇ ಅಂತ ಹೇಳಿದೆ. ಮತ್ತೆ ಹತ್ತು ಕೆಜಿ ತರಿಸಿಕೊಂಡರು.

ಸುಗ್ಗಿ ಬೆಳೆಗೆ (ವರ್ಷದ ಎರಡನೇ ಬೆಳೆ) ಭಜನಾ ಮಂದಿರದ ಎದುರಿನ ಕಾಂಕ್ರೀಟ್ ಜಾಗ ಕೇಳಿದ್ದೆವು, ಕೊಡುತ್ತಾರಂತೆ. ಬಾಡಿಗೆ ಬೇಡ, ವರ್ಷಾವಧಿ ಭಜನೆಗೆ ಒಂದು ಮುಡಿ ಅಕ್ಕಿ ಕೊಟ್ಟರೆ ಸಾಕಂತೆ. ಮುಡಿ ಅಂದರೆ ಮುಡಿಯೇ, 42 ಸೇರು, ಹುಲ್ಲಿನಲ್ಲಿ ಕಟ್ಟಿದ್ದು. ಚೀಲದಲ್ಲಿ ತಂದರೆ ಆಗುವುದಿಲ್ಲವಂತೆ. ಮಿಷನ್ ಹುಲ್ಲು ತುಂಡು ತುಂಡು, ಅದರಲ್ಲಿ ಮುಡಿ ಕಟ್ಟಲಿಕ್ಕಾಗುವುದಿಲ್ಲ. ಒಂದು ಗದ್ದೆಯನ್ನಾದರೂ ಕತ್ತಿಯಲ್ಲೇ ಕೊಯ್ಯಬೇಕು. ಕಟ್ಟಲು ದೊಡ್ಡಮ್ಮನಿಗೆ ಬರುತ್ತದಾ ಅಂತ ನಾಳೆ ಕೇಳಬೇಕು.