ಕೆಟಲ್ ಕಾಯುತ್ತೆ, ಚಾರ್ಜರ್ ಏಳಲ್ಲ: ವ್ಯಾನ್ ಬ್ಯಾಟರಿ ಮತ್ತು ಒಂದು ಕೆವಿಎ ಜನರೇಟರ್

ಕೊನೆಗೂ ಜನರೇಟರಿನಿಂದ ವ್ಯಾನಿನ ಬ್ಯಾಟರಿಗೆ 40 ಆಂಪಿಯರ್! ಕೆಂಪು ದೀಪ ಇಲ್ಲ, ಗೊರಗೊರ ಇಲ್ಲ, ಒಂದೇ ಸಮ ಬರ್ತಾ ಇದೆ. ಈ ಮಳೆಗಾಲ ಪೂರ್ತಿ ತಲೆ ತಿಂದ ಸಮಸ್ಯೆ ಇದು. ನಿಮ್ಮಲ್ಲಿ ಕೆಲವರಾದರೂ ಇದೇ ಹಳ್ಳಕ್ಕೆ ಬೀಳೋರಿದ್ದೀರಿ ಅನ್ನೋದು ಗ್ಯಾರಂಟಿ, ಅದಕ್ಕೇ ಉದ್ದಕ್ಕೆ ಬರೀತಿದ್ದೇನೆ.

ವ್ಯಾನಿನ ಒಳಗಿನ ಕರೆಂಟಿನ ಏರ್ಪಾಡಿನಲ್ಲಿ ವಿಶೇಷವೇನೂ ಇಲ್ಲ. 200 ಆಂಪಿಯರ್-ಅವರ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಅದನ್ನು ಕಾಯುವ, ಅಪಾಯ ಕಂಡರೆ ಸಂಪರ್ಕ ಕತ್ತರಿಸುವ ಬಿಎಂಎಸ್, ಚಾವಣಿ ಮೇಲೆ 400 ವ್ಯಾಟಿನ ಸೋಲಾರ್ ಪ್ಯಾನೆಲ್. ಬೇಸಿಗೆಯಲ್ಲಿ ಇಷ್ಟು ಸಾಕು. ಆದರೆ ಜುಲೈನಲ್ಲಿ ಬಾಬಾಬುಡನ್‌ಗಿರಿ ಸಾಲಿನಲ್ಲಿ, ಪರಿಚಯದವರ ಕಾಫಿ ಎಸ್ಟೇಟಿನಲ್ಲಿ ವ್ಯಾನ್ ನಿಲ್ಲಿಸಿದರೆ ಪ್ಯಾನೆಲ್ ಇರೋದು ಮಳೆನೀರು ಜಾರಿಸೋದಕ್ಕೆ ಮಾತ್ರ. ಹಾಗಾಗಿ ಬೆನ್ನಿಗೆ ಒಂದು ಕೆವಿಎ ಪೆಟ್ರೋಲ್ ಇನ್ವರ್ಟರ್ ಜನರೇಟರ್. ಮೈಮೇಲೆ ದೊಡ್ಡದಾಗಿ 1 ಕೆವಿಎ ಅಂತ ಇದೆ. ಸತತವಾಗಿ ಕೊಡೋದು 900 ವಿಎ, ಅದು ಸಣ್ಣಕ್ಷರದಲ್ಲಿ. (ವಿಎ ಅಂದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ್ದು, ಸಾವಿರ ವಿಎ ಒಂದು ಕೆವಿಎ.)

ಈಗ ಒಗಟು ಕೇಳಿ. ಮನೆಯಲ್ಲಿ ಬೆಸ್ಕಾಂ ಕರೆಂಟಿಗೆ ಹಾಕಿದರೆ ಚಾರ್ಜರ್ 40 ಆಂಪಿಯರ್ ಕೊಡುತ್ತಿತ್ತು. ಎಸ್ಟೇಟಿನಲ್ಲಿ ಜನರೇಟರಿಗೆ 700 ವ್ಯಾಟಿನ ಕೆಟಲ್ ಹಾಕಿದರೆ ನೀರು ಕುದಿಯುತ್ತಿತ್ತು. ಅದೇ ಜನರೇಟರಿಗೆ ಅದೇ ಚಾರ್ಜರ್ ಹಾಕಿದರೆ ಮಾತ್ರ ಓವರ್‌ಲೋಡ್ ದೀಪ ಕೆಂಪಗಾಗಿ ಕರೆಂಟ್ ಬಂದ್! ಇಂಜಿನ್ ಮಾತ್ರ ತನಗೇನೂ ಸಂಬಂಧ ಇಲ್ಲದ ಹಾಗೆ ಗುರ್ ಅಂತಿತ್ತು. ಚಾರ್ಜರ್ ಎಳೆಯೋದು ಹೆಚ್ಚೆಂದರೆ 630 ವ್ಯಾಟ್, ಕೆಟಲಿಗಿಂತ ಕಡಿಮೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟ್ರು ಕೊಡೆ ಹಿಡಿದು ನಿಂತು ನೋಡಿದರು. "ಕಾಫಿಗೆ ಬರುತ್ತೆ, ಬ್ಯಾಟ್ರಿಗೆ ಬರಲ್ಲ ಅಂದ್ರೆ ಕಾಫಿನೇ ಕುಡೀರಿ ಸಾರ್" ಅಂತ ಹೇಳಿ ಹೋದರು.

ಅನುಮಾನಗಳ ಮೆರವಣಿಗೆ ಶುರುವಾಯಿತು. ಕಾರ್ಬುರೇಟರ್ ತೊಳೆದೆ (ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು ತಿಂಗಳುಗಟ್ಟಲೆ ಒಳಗೇ ಬಿಡಬೇಡಿ, ಎಥನಾಲ್ ತೇವ ಹೀರಿಕೊಳ್ಳುತ್ತೆ, ಕೆಲಸ ಮುಗಿದ ಮೇಲೆ ಕಾರ್ಬುರೇಟರ್ ಖಾಲಿ ಮಾಡೋ ಅಭ್ಯಾಸ ಒಳ್ಳೇದು). ಪ್ಲಗ್ ಬದಲಿಸಿದೆ. ಇಕೋ ಸ್ವಿಚ್ ಆಫ್ ಮಾಡಿದೆ, ಇಂಜಿನ್ ಮೊದಲಿಂದಲೇ ಪೂರ್ತಿ ವೇಗದಲ್ಲಿರಲಿ ಅಂತ. ಉಹುಂ. ಎಕ್ಸ್‌ಟೆನ್ಷನ್ ವೈರು ತೆಳು ಇರಬೇಕು ಅಂದವರೂ ಇದ್ದರು. 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೆ ಹದಿನೈದು ಮೀಟರ್ ವೈರು ನುಂಗೋದು ಎರಡು ಮೂರು ವೋಲ್ಟ್, ಅದನ್ನು ಬಿಡಿ. ಆನ್ ಆದ ಕ್ಷಣದ ಎಳೆತ ಇರಬಹುದೇ? ಅದೂ ಅಲ್ಲ. ಬ್ಯಾಟರಿ ಕಡೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ಚಾರ್ಜರ್ ನಿಧಾನಕ್ಕೆ 10, 20 ಅಂತ ಏರಿ, 30 ಮುಟ್ಟುವ ಹೊತ್ತಿಗೆ ಟಪ್.

ಈ 30ರಲ್ಲೇ ಉತ್ತರ ಇತ್ತು. ಮನೆಗೆ ಬಂದು, ಚಾರ್ಜರಿಗೆ ಎಸ್‌ಪಿ ರೋಡಿನಲ್ಲಿ ಸಿಗುವ ಸಾಕೆಟ್ಟಿಗೆ ಚುಚ್ಚುವ ಎನರ್ಜಿ ಮೀಟರ್ ಹಾಕಿದೆ. 628 ವ್ಯಾಟ್. ಗುಂಡಿ ಒತ್ತಿದರೆ ಮುಂದಿನ ಅಂಕಿ: 1,010 ವಿಎ. ವ್ಯಾಟನ್ನು ವಿಎಯಿಂದ ಭಾಗಿಸಿದರೆ ಬರೋದೇ ಪವರ್ ಫ್ಯಾಕ್ಟರ್, ಇಲ್ಲಿ 0.62!

ಪಿಎಫ್‌ಸಿ (ಪವರ್ ಫ್ಯಾಕ್ಟರನ್ನು ಸರಿಪಡಿಸುವ ಸರ್ಕ್ಯೂಟ್) ಇಲ್ಲದ ಅಗ್ಗದ ಚಾರ್ಜರುಗಳ ಗುಣವೇ ಇದು. ಒಳಗಿನ ಕೆಪಾಸಿಟರ್ ತುಂಬೋದು ಎಸಿ ಅಲೆಯ ತುದಿಯಲ್ಲಿ ಮಾತ್ರ. ಮದುವೆ ಪಂಕ್ತಿಯಲ್ಲಿ ಕೋಸಂಬರಿ, ಪಲ್ಯ, ಸಾರು ಬಂದಾಗೆಲ್ಲ ತೂಕಡಿಸುತ್ತಾ ಕೂತು, ಹೋಳಿಗೆ ಬಂದ ತಕ್ಷಣ ಎದ್ದು ಐದು ಹಾಕಿ ಅನ್ನುವ ನೆಂಟರಿದ್ದಾರಲ್ಲ, ಹಾಗೆ. ಒಟ್ಟು ತಿಂದದ್ದು ಕಡಿಮೆಯೇ, ಆದರೆ ಬಡಿಸುವವನ ಕೈ ಬಿದ್ದು ಹೋಗುತ್ತೆ. ಬೆಸ್ಕಾಂ ಟ್ರಾನ್ಸ್‌ಫಾರ್ಮರಿಗೆ ಇದು ಲೆಕ್ಕಕ್ಕೇ ಇಲ್ಲ. ಒಂದು ಕೆವಿಎ ಜನರೇಟರ್ ಮಾತ್ರ ಆ ತುದಿಯ ಕರೆಂಟನ್ನೂ ಪೂರೈಸಬೇಕು. ಕೆಟಲಿಗೆ ಈ ಆಟ ಇಲ್ಲ, ಅದರ ಪವರ್ ಫ್ಯಾಕ್ಟರ್ ಒಂದು.

ಇದರ ಮೇಲೆ ಎತ್ತರದ ಹೊಡೆತ. ಕೈಪಿಡಿ ಪ್ರಕಾರ ಪ್ರತಿ 300 ಮೀಟರಿಗೆ ಇಂಜಿನ್ ಶಕ್ತಿ ಸುಮಾರು ಶೇ. 3.5 ಇಳಿಯುತ್ತೆ. ನಾನು ನಿಲ್ಲಿಸಿದ್ದ ಜಾಗ ಹತ್ತಿರ ಹತ್ತಿರ 1,400 ಮೀಟರ್. ವಿಎ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತೆ ಅಂತಿಟ್ಟುಕೊಂಡರೆ 900 ಹೋಗಿ 750. ಈಗ 30 ಆಂಪಿಯರಿನ ಲೆಕ್ಕ ಹಾಕಿ: 13.3 ವೋಲ್ಟಿಗೆ 400 ವ್ಯಾಟ್, ಚಾರ್ಜರಿನ ನಷ್ಟ ಸೇರಿಸಿ 460, ಅದನ್ನು 0.62ರಿಂದ ಭಾಗಿಸಿದರೆ 740 ವಿಎ. ಟಪ್ ಅಂದಿದ್ದು ಸರಿಯಾಗಿ ಅಲ್ಲೇ! ಕಾಗದದ ಮೇಲೆ ಈ ಲೆಕ್ಕ ಕೂಡಿ ಬಂದಾಗ ಆದ ಖುಷಿ ಬ್ಯಾಟರಿ ತುಂಬಿದಾಗಲೂ ಆಗಲಿಲ್ಲ. ಬೆಂಗಳೂರೇ 920 ಮೀಟರ್ ಎತ್ತರದಲ್ಲಿದೆ. ಅಂದರೆ ಜನರೇಟರ್ ಮೇಲೆ ಬರೆದ ಅಂಕಿಯಲ್ಲಿ ಶೇ. 10 ನಮಗೆ ಅಂಗಡಿಯಲ್ಲೇ ಖೋತಾ.

ಚಾರ್ಜರ್ ಮಾರಿದವನಿಗೆ ಫೋನ್ ಮಾಡಿದೆ. ಪವರ್ ಫ್ಯಾಕ್ಟರ್ ಎಷ್ಟು ಅಂದೆ. "ಫುಲ್ ಪವರ್ ಸಾರ್, ಒರಿಜಿನಲ್ ಪೀಸ್" ಅಂದ. ಪೆಟ್ಟಿಗೆ ಮೇಲೆ ಯಾಕೆ ಬರೆದಿಲ್ಲ ಅಂದೆ. "ಎರಡು ಕೆವಿಎ ಜನರೇಟರ್ ಇದೆ, ಕಳಿಸ್ಲಾ?" ಆಮೇಲೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ತಪ್ಪದೆ ಬರ್ತಿದೆ, ಉತ್ತರ ಮಾತ್ರ ಇಲ್ಲ.

ಜನರೇಟರಿನಲ್ಲೇ 12 ವೋಲ್ಟ್ ಡಿಸಿ ಸಾಕೆಟ್ ಇದೆಯಲ್ಲ ಅನ್ನುವವರಿಗೆ: ಅದು 8 ಆಂಪಿಯರ್, ವೋಲ್ಟೇಜಿಗೆ ಹಿಡಿತವೂ ಇಲ್ಲ. ನನಗೆ ಬೇಕಾದ 120 ಆಂಪಿಯರ್-ಅವರ್ ತುಂಬೋದಕ್ಕೆ ಹದಿನೈದು ಗಂಟೆ. ಅಷ್ಟರಲ್ಲಿ ಎಸ್ಟೇಟಿನವರು ನಮ್ಮನ್ನು ಗೇಟಿನ ಹೊರಗೆ ಕಳಿಸಿರ್ತಾರೆ.

ಪರಿಹಾರ ಸರಳ, ದುಬಾರಿ: ಪಿಎಫ್‌ಸಿ ಇರುವ ಚಾರ್ಜರ್. ಮೀಟರಿನಲ್ಲಿ 0.97 ತೋರಿಸುತ್ತೆ. ಅದೇ 40 ಆಂಪಿಯರಿಗೆ ಈಗ 625 ವಿಎ ಸಾಕು. 750ರಲ್ಲಿ ಫ್ರಿಜ್ಜಿಗೂ ಜಾಗ ಉಳಿಯಿತು. ಶೇ. 20ರಿಂದ 80ಕ್ಕೆ ಮೂರು ಗಂಟೆ, ಹೆಚ್ಚುಕಡಿಮೆ ಒಂದೂವರೆ ಲೀಟರ್ ಪೆಟ್ರೋಲ್. ಬ್ಯಾಟರಿಗೆ ಸೇರಿದ್ದು 1.6 ಯೂನಿಟ್. ಯೂನಿಟ್ಟಿಗೆ ಎಷ್ಟು ಬಿತ್ತು ಅಂತ ಮನೆಯಲ್ಲಿ ಹೇಳಿಲ್ಲ, ನೀವೂ ಹೇಳಬೇಡಿ. ಎಲ್‌ಎಫ್‌ಪಿಯನ್ನು ದಿನಾ ಪೂರ್ತಿ ತುಂಬಬೇಕಿಲ್ಲ, ಹಾಗಾಗಿ 80ಕ್ಕೆ ಇಂಜಿನ್ ಬಂದ್. ಟ್ಯೂಬ್ಯುಲರ್ (ಲೆಡ್ ಆಸಿಡ್) ಬ್ಯಾಟರಿ ಇಟ್ಟುಕೊಂಡವರ ಕಥೆ ಬೇರೆ: ಕೊನೆಯ ಶೇ. 20 ಗಂಟೆಗಟ್ಟಲೆ ತೊಟ್ಟಿಕ್ಕುತ್ತೆ, ಅಷ್ಟೂ ಹೊತ್ತು ಪೆಟ್ರೋಲ್ ಉರಿಸೋದು ದಂಡ. ಬೆಳಗ್ಗೆ ಜನರೇಟರಿನಲ್ಲಿ ಬಹುಪಾಲು ತುಂಬಿಸಿ, ಉಳಿದದ್ದನ್ನು ಮೋಡದ ಮರೆಯ ಬಿಸಿಲಿಗೆ ಬಿಡಿ. ಮತ್ತೆ, ಮಳೆ ಅಂತ ಜನರೇಟರನ್ನು ವ್ಯಾನಿನ ಬಾಗಿಲ ಟಾರ್ಪಾಲಿನ ಕೆಳಗೆ ಎಳೆದುಕೊಳ್ಳಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ದೂರದಲ್ಲಿ, ಗಾಳಿ ಹೋಗುವ ದಿಕ್ಕಿಗೆ, ಅದಕ್ಕೇ ಬೇರೆ ತಗಡಿನ ಮಾಡು ಮಾಡಿ.

ಲಡಾಖಿಗೆ ಇದನ್ನೇ ಒಯ್ಯಬಹುದಾ ಅಂತ ಒಬ್ಬರು ಕೇಳಿದ್ದರು. ಅದೇ ಲೆಕ್ಕ ಎಳೆದರೆ 3,500 ಮೀಟರಿನ ಲೇಹ್‌ನಲ್ಲಿ ಶೇ. 40 ಮಾಯ. ಸಾಲದ್ದಕ್ಕೆ ಎಲ್‌ಎಫ್‌ಪಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವ ಹಾಗೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಹೊಸ ಹುಳ ಹೊಕ್ಕಿದೆ. ಎಸಿ ಮಾಡಿ ಮತ್ತೆ ಡಿಸಿ ಮಾಡೋ ಈ ಸುತ್ತಾಟ ಯಾಕೆ? ಮಾವನ ಅಡಿಕೆ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಪೆಟ್ರೋಲ್ ಇಂಜಿನ್ ಮಳೆಗಾಲ ಮುಗಿದರೆ ಖಾಲಿ ಕೂತಿರುತ್ತೆ. ಅದಕ್ಕೆ ವಿ-ಬೆಲ್ಟ್ ಹಾಕಿ ಕಾರಿನಲ್ಲಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ತಿರುಗಿಸಿದರೆ ನೇರ 14 ವೋಲ್ಟ್, ಪವರ್ ಫ್ಯಾಕ್ಟರಿನ ಮಾತೇ ಇಲ್ಲ. ತೊಡಕು ಎರಡು. ಎಲ್‌ಎಫ್‌ಪಿ ಕೊಟ್ಟಷ್ಟೂ ಎಳೆದುಕೊಳ್ಳುತ್ತೆ, ನಿಧಾನ ತಿರುಗುವ ಆಲ್ಟರ್ನೇಟರ್ ಬಿಸಿಯಾಗಿ ಸುಡುತ್ತೆ. ಇನ್ನು ಚಾರ್ಜಿನ ನಡುವೆ ಬಿಎಂಎಸ್ ಏನಾದರೂ ಕತ್ತರಿಸಿದರೆ ವೋಲ್ಟೇಜ್ ಚಿಮ್ಮಿ ಡಯೋಡುಗಳು ಹೋಗುತ್ತವೆ. ಅದಕ್ಕೆ ಪಕ್ಕದಲ್ಲಿ ಒಂದು ಸಣ್ಣ ಲೆಡ್ ಆಸಿಡ್ ಬ್ಯಾಟರಿ ಇರಲೇಬೇಕು. ಮೊದಲನೇ ತೊಡಕಿಗೆ, ರೆಗ್ಯುಲೇಟರ್ ಹೊರಗಿರುವ ಹಳೇ ಆಲ್ಟರ್ನೇಟರ್ ಸಿಕ್ಕರೆ ಅದು ಎಷ್ಟು ಕೊಡಬೇಕು ಅಂತ ತೀರ್ಮಾನಿಸುವ ಫೀಲ್ಡ್ ಕರೆಂಟನ್ನು ನಾನೇ ತಗ್ಗಿಸಬಹುದು. ಜೆಸಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದೆ, ಎಲ್ಲರೂ ಒಳಗೇ ರೆಗ್ಯುಲೇಟರ್ ಇರುವುದನ್ನೇ ತೋರಿಸಿ "ಇದೇ ಸಾರ್ ಲೇಟೆಸ್ಟು" ಅಂತಾರೆ. ಮಾವನಿಗೆ ಇಂಜಿನ್ ವಿಷಯ ಇನ್ನೂ ಹೇಳಿಲ್ಲ. ಯಾರ ಗ್ಯಾರೇಜಿನಲ್ಲಾದರೂ ಹಳೇ ಮಾದರಿಯದು ಬಿದ್ದಿದ್ದರೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.